ಸಂದೂಕಿನಲ್ಲಿ ಇರಬೇಕಾದ ಕಾಗದಗಳು



ನೀವು ಈಗ ಓದಲು ಕಲಿತಿದ್ದೀರಿ. ಔರಾದ ಬಸ್ಸು ಯಾವುದು, ಭಾಲ್ಕಿ ಬಸ್ಸು ಯಾವುದು ಅಂತ ಈಗ ಯಾರನ್ನೂ ಕೇಳುವುದಿಲ್ಲ. ರೇಶನ್ ಕಾರ್ಡಿನಲ್ಲಿ ಮಕ್ಕಳ ಹೆಸರು ಸರಿ ಇದೆಯೋ ಇಲ್ಲವೋ ನೀವೇ ನೋಡುತ್ತೀರಿ. ಇವತ್ತು ಇನ್ನೊಂದು ಕೆಲಸ ಮಾಡೋಣ. ಮನೆಯ ಸಂದೂಕು ತೆಗೆದು ಅದರಲ್ಲಿರುವ ಕಾಗದ ಓದೋಣ.

ಸಂದೂಕು ಅಂದೆ. ಕೆಲವರ ಮನೆಯಲ್ಲಿ ಅದು ತಗಡಿನ ಟ್ರಂಕು. ಕೆಲವರಲ್ಲಿ ಗೂಟಕ್ಕೆ ತೂಗುಹಾಕಿದ ಪ್ಲಾಸ್ಟಿಕ್ ಚೀಲ. ಹೊಲದ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ವಿಮೆಯ ಬಾಂಡು, ಮನೆ ಕರ ಕಟ್ಟಿದ ರಸೀದಿ, ಅಜ್ಜನ ಕಾಲದ ಉರ್ದು ಕಾಗದ, ಎಲ್ಲ ಅದರಲ್ಲೇ ಇರುತ್ತವೆ. ಯಾವುದು ಎಲ್ಲಿದೆ ಎಂಬುದು ಇಟ್ಟವರಿಗೆ ಮಾತ್ರ ಗೊತ್ತು. ಇಟ್ಟವರೇ ಒಂದು ದಿನ ಇಲ್ಲದಂತಾದರೆ?

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಪಾಠ ಶುರು ಮಾಡಿದಾಗ ಒಬ್ಬ ದೊಡ್ಡವ್ವ ತಕರಾರು ತೆಗೆದರು.

"ಬಿಡ್ರಿ ಮಾಸ್ತರ, ದೀಪ ಹಚ್ಚೋ ಹೊತ್ತಿನ್ಯಾಗ ಸಾಯೋ ಮಾತು ಯಾಕ?"

ಬಾಜೂಕ ಕುಂತಿದ್ದ ತಂಗಿಯೊಬ್ಬಳು ಕೇಳಿದಳು: "ದೊಡ್ಡವ್ವಾ, ಛತ್ರಿ ತಗೊಂಡು ಹ್ವಾದ್ರ ಮಳಿ ಬರ್ತದೇನು?"

ಎಲ್ಲರೂ ನಕ್ಕರು. ದೊಡ್ಡವ್ವನೂ ನಕ್ಕರು. ಪಾಠ ಮುಂದೆ ನಡೆಯಿತು.

ಇನ್ನು ಕೆಲವರು ಹೇಳುವುದು "ಹೊತ್ತಿಲ್ರೀ" ಅಂತ. ಅದೂ ಖರೇ. ಜೂನಿನಲ್ಲಿ ಹೆಸರು, ಉದ್ದು, ಸೋಯಾ, ತೊಗರಿ ಬಿತ್ತನೆ. ಆಮೇಲೆ ಕಳೆ, ಆಮೇಲೆ ರಾಶಿ, ಆಮೇಲೆ ಕಡಲೆ, ಜೋಳ. ಹೊಲ ಇಲ್ಲದವರು ಹೈದರಾಬಾದಿಗೋ ಪುಣೆಗೋ ಕೆಲಸಕ್ಕೆ ಹೋಗುತ್ತಾರೆ. ತಹಶೀಲ ಕಚೇರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಆದರೆ ಇವತ್ತು ಒಂದು ದಿನ ಉಳಿಸಿದವರ ಮನೆಯವರು ನಾಳೆ ಹತ್ತು ವರ್ಷ ಕೋರ್ಟಿಗೆ ತಿರುಗಬೇಕಾಗಬಹುದು. ಯಾವ ಕಾಗದಕ್ಕೆ ಎಷ್ಟು ಹೊತ್ತು ಬೇಕು ಅಂತ ತಿಳಿದುಕೊಂಡರೆ ಈ ಕೆಲಸ ಅಷ್ಟು ದೊಡ್ಡದಲ್ಲ.

ಪಹಣಿಯ 9ನೇ ಕಾಲಂ

ಮೊದಲು ಪಹಣಿ ತೆಗೆಯಿರಿ. ಪಹಣಿಯಲ್ಲಿ ಬಹಳ ಮನೆಗಳಿವೆ. ಇವಕ್ಕೆ ಕಾಲಂ ಅನ್ನುತ್ತಾರೆ. ಎಲ್ಲ ಓದುವುದು ಬೇಡ. 9ನೇ ಕಾಲಂ ಹುಡುಕಿರಿ. ಅಲ್ಲಿ ಹೊಲದ ಸ್ವಾಧೀನದಾರರ ಹೆಸರು ಇರುತ್ತದೆ. 10ನೇ ಕಾಲಮ್ಮಿನಲ್ಲಿ ಆ ಹೊಲ ಅವರಿಗೆ ಹೇಗೆ ಬಂತು ಅಂತ ಬರೆದಿರುತ್ತದೆ. 11ರಲ್ಲಿ ಹೊಲದ ಮೇಲಿನ ಸಾಲ. 12ರಲ್ಲಿ ಸಾಗುವಳಿ ಮಾಡುವವರ ಹೆಸರು.

9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ? ನಿಮ್ಮದೇ ಇದ್ದರೆ ಒಳ್ಳೆಯದು. ತೀರಿಹೋದ ಅಪ್ಪನ ಹೆಸರು, ಅಜ್ಜನ ಹೆಸರು ಇದ್ದರೆ ಕೆಲಸ ಬಾಕಿ ಇದೆ ಅಂತ ಅರ್ಥ. ಕರ್ನಾಟಕದಲ್ಲಿ ಇಂಥ ಪಹಣಿಗಳು ಲಕ್ಷಗಟ್ಟಲೆ ಇವೆ. ಉಳುವವರು ಮೊಮ್ಮಕ್ಕಳು, ಕಾಗದದಲ್ಲಿ ಇರುವವರು ಅಜ್ಜ. ಇದನ್ನು ಸರಿ ಮಾಡಲಿಕ್ಕೇ ಸರ್ಕಾರ 2025ರಲ್ಲಿ ಇ-ಪೌತಿ ಆಂದೋಲನ ನಡೆಸಿತು.

ಅಜ್ಜನ ಹೆಸರು ಇದ್ದರೆ ಏನಾಗುತ್ತದೆ? ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ನಿಮ್ಮ ಹೆಸರಿಗೆ ಬೆಳೆಸಾಲ ಸಿಗುವುದು ಕಷ್ಟ. ಬೆಳೆವಿಮೆಗೆ ತೊಡಕು. ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುತ್ತದೆ. ಅದಕ್ಕೂ ಕಾಗದದಲ್ಲಿ ಹೆಸರು ಬೇಕು. ರಸ್ತೆಗೋ ಕೆರೆಗೋ ಹೊಲ ಹೋದರೆ ಪರಿಹಾರದ ನೋಟೀಸು ಕಾಗದದ ಹೆಸರು ಹಿಡಿದೇ ಬರುತ್ತದೆ. ಕಾರಂಜಾ ಜಲಾಶಯಕ್ಕೆ ಹೊಲ ಬಿಟ್ಟುಕೊಟ್ಟ ಊರುಗಳು ನಮ್ಮ ಜಿಲ್ಲೆಯಲ್ಲೇ ಇವೆ. ಪರಿಹಾರ ಅಂದರೇನು, ಅದಕ್ಕೆ ಎಷ್ಟು ಕಾಲ ಕಾಯಬೇಕು ಅಂತ ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ನಮ್ಮ ಹಳಬರು ವಿರಾಸತ್ ಅನ್ನುತ್ತಾರೆ. ಫೌತ್ ಅಂದರೆ ಉರ್ದುವಿನಲ್ಲಿ ಸಾವು. ವಿರಾಸತ್ ಅಂದರೆ ಹಿರಿಯರಿಂದ ಬಂದದ್ದು. ಬೀದರ ಜಿಲ್ಲೆ 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಆಳ್ವಿಕೆಯಲ್ಲಿತ್ತು. ಆಮೇಲೆ 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿತು. ಅದಕ್ಕೇ ನಮ್ಮ ಕಾಗದಗಳಲ್ಲಿ ಇಂಥ ಮಾತು ಬಹಳ. ಅಜ್ಜನ ಉರ್ದು ಕಾಗದ, 1954-55ರ ಖಾಸ್ರಾ ಪಹಣಿಯ ನಕಲು ಸಂದೂಕಿನಲ್ಲಿದ್ದರೆ ಓದಲು ಬರುವುದಿಲ್ಲ ಅಂತ ಬಿಸಾಕಬೇಡಿರಿ. ಹೊಲ ಯಾರ ವಂಶದ್ದು ಅಂತ ತೋರಿಸಲು ಮುಂದೆ ಅದೇ ಕೆಲಸಕ್ಕೆ ಬರಬಹುದು. ಉರ್ದು ಬಲ್ಲವರ ಹತ್ತಿರ ಓದಿಸಿ, ಹಿಂದೆ ಪೆನ್ಸಿಲಿನಿಂದ ಕನ್ನಡದಲ್ಲಿ ಒಂದು ಸಾಲು ಬರೆದಿಡಿರಿ.

ಒಂದು ಮಾತು ನೆನಪಿರಲಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಆಸ್ತಿ ಪೂರಾ ಆ ಒಬ್ಬರದೇ ಆಗುವುದಿಲ್ಲ. ಬೇರೆಯದು ಸಾಬೀತಾಗುವ ತನಕ ಪಹಣಿಯಲ್ಲಿ ಬರೆದದ್ದು ಸರಿ ಎಂದು ಕಾನೂನು ನಂಬುತ್ತದೆ, ಅಷ್ಟೇ. ಹಿರಿಯಣ್ಣನ ಹೆಸರು ಒಂದೇ ಇದ್ದರೂ ತಮ್ಮಂದಿರ, ತಂಗಿಯರ ಹಕ್ಕು ಸಾಯುವುದಿಲ್ಲ. ಆದರೆ ಆ ಹಕ್ಕು ಕೇಳಲು ಕೋರ್ಟಿಗೆ ಹೋಗಬೇಕಾಗುತ್ತದೆ. ಮೊದಲೇ ಎಲ್ಲರ ಹೆಸರು ಬರೆಸಿದರೆ ಆ ತಿರುಗಾಟ ಇಲ್ಲ.

21 ದಿನ

ಪೌತಿ ಖಾತೆಗೆ ಮೊದಲು ಬೇಕಾದದ್ದು ಮರಣ ಪ್ರಮಾಣ ಪತ್ರ. ಬ್ಯಾಂಕಿಗೂ ಅದೇ ಬೇಕು. ವಿಮೆಗೂ ಅದೇ. ವಿಧವಾ ವೇತನಕ್ಕೂ ಅದೇ.

ಸಾವು ಆದ 21 ದಿನದೊಳಗೆ ಬರೆಸಬೇಕು. ಇದು 1969ರ ಕಾಯದೆ. 21 ದಿನ ದಾಟಿ 30 ದಿನದೊಳಗೆ ಆದರೆ ತಡವಾದ ಶುಲ್ಕ ಕಟ್ಟಬೇಕು. ತಿಂಗಳು ದಾಟಿದರೆ ಅಧಿಕಾರಿಗಳ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ. ದವಾಖಾನೆಯಲ್ಲಿ ಸತ್ತರೆ ತಿಳಿಸುವ ಹೊಣೆ ದವಾಖಾನೆಯದು. ಮನೆಯಲ್ಲಿ ಸತ್ತರೆ ಮನೆಯವರದು. ದುಃಖದ ಮನೆಯಲ್ಲಿ ಇದೆಲ್ಲ ಯಾರಿಗೆ ನೆನಪಿರುತ್ತದೆ? ಅದಕ್ಕೇ ದಿನಕರ್ಮಕ್ಕೆ ಬಂದ ನೆಂಟರಲ್ಲಿ ಓದಲು ಬಂದವರೊಬ್ಬರು ಈ ಕೆಲಸ ತಲೆಯ ಮೇಲೆ ಹಾಕಿಕೊಳ್ಳಬೇಕು. ಗ್ರಾಮ ಪಂಚಾಯಿತಿಗೆ ಹೋಗಿ ಕೇಳಬೇಕು. ಪತ್ರದಲ್ಲಿ ಸತ್ತವರ ಹೆಸರು ಪಹಣಿಯಲ್ಲಿ ಇದ್ದಂತೆಯೇ, ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇದೆಯೇ ನೋಡಬೇಕು. ಒಂದು ಕಡೆ 'ಶರಣಪ್ಪ', ಇನ್ನೊಂದು ಕಡೆ 'ಶರಣಯ್ಯ' ಅಂತ ಬಂದರೆ ಇಬ್ಬರೂ ಒಬ್ಬರೇ ಅಂತ ಸಾಬೀತು ಮಾಡಲು ಮತ್ತೆ ಅಫಿಡವಿಟ್ಟು, ಮತ್ತೆ ಖರ್ಚು.

ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರು

ಎರಡನೆಯ ಕಾಗದ ವಂಶವೃಕ್ಷ. ಸತ್ತವರಿಗೆ ಯಾರು ಯಾರು ವಾರಸುದಾರರು ಅಂತ ತೋರಿಸುವ ಪತ್ರ. ಇದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಜನವಾಡ ಹೋಬಳಿಯವರು ಜನವಾಡದಲ್ಲೇ ಕೊಡಬಹುದು. ಊರಿನ ಕಂದಾಯ ಅಧಿಕಾರಿ ವಿಚಾರಣೆ ಮಾಡುತ್ತಾರೆ. ಆಮೇಲೆ ಖಾತೆ ಬದಲಾವಣೆಯ ಅರ್ಜಿ. ತಕರಾರು ಇದ್ದವರು ಹೇಳಲಿ ಅಂತ ನೋಟೀಸು ಹೊರಡಿಸುತ್ತಾರೆ. ಯಾರೂ ತಕರಾರು ಮಾಡದಿದ್ದರೆ ಹೊಸ ಹೆಸರು ಪಹಣಿಗೆ ಏರುತ್ತದೆ.

ಕಾಗದದ ಮೇಲೆ ಇದು ಸರಳ. ಆದರೆ ಮೋಸ ನಡೆಯುವುದೂ ಹೆಚ್ಚಾಗಿ ಇಲ್ಲೇ. ವಂಶವೃಕ್ಷ ಬರೆಸುವಾಗ ಗಂಡುಮಕ್ಕಳ ಹೆಸರು ಮಾತ್ರ ಹೇಳುತ್ತಾರೆ. "ಹೆಣ್ಮಕ್ಕಳು ಕೊಟ್ಟ ಮನಿಗೆ ಹೋಗ್ಯಾರ" ಅಂತ ಬಿಡುತ್ತಾರೆ. ಮುದುಕಿ ತಾಯಿಯನ್ನೂ ಬಿಡುತ್ತಾರೆ. ಎಲ್ಲರೂ ಬೇಕೆಂದೇ ಹೀಗೆ ಮಾಡುವುದಿಲ್ಲ. ರೂಢಿ ಹಾಗಿದೆ. ಆದರೆ ರೂಢಿ ಬೇರೆ, ಕಾಯದೆ ಬೇರೆ.

ಕಾಯದೆ ಏನು ಹೇಳುತ್ತದೆ? ಹಿಂದೂ ವಾರಸಾ ಕಾಯದೆ 1956ರಲ್ಲಿ ಬಂತು. ಲಿಂಗಾಯತರು, ಬೌದ್ಧರು, ಜೈನರು, ಸಿಖ್ಖರು ಎಲ್ಲ ಇದರಲ್ಲೇ ಬರುತ್ತಾರೆ. ಗಂಡಸೊಬ್ಬ ಮೃತ್ಯುಪತ್ರ ಬರೆಯದೆ ಸತ್ತರೆ ಅವನ ಸ್ವಂತ ಗಳಿಕೆ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ತಾಯಿಗೆ ಸಮನಾಗಿ ಹೋಗುತ್ತದೆ. ಲೆಕ್ಕ ಹಾಕಿ ನೋಡೋಣ.

ಹೊಲ 4 ಎಕರೆ. ಒಂದು ಎಕರೆಗೆ 40 ಗುಂಟೆ. ಒಟ್ಟು 160 ಗುಂಟೆ. ಮನೆಯಲ್ಲಿ ಹೆಂಡತಿ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಒಟ್ಟು 5 ಮಂದಿ. 160 ಭಾಗಿಸು 5. ಒಬ್ಬರಿಗೆ 32 ಗುಂಟೆ.

ಮಗಳಿಗೆ ಮದುವೆ ಆಗಿದ್ದರೂ 32 ಗುಂಟೆ. ಮುದುಕಿ ತಾಯಿಗೂ 32 ಗುಂಟೆ.

ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಇದೆ. ಮೊದಲು ಈ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು. ಕರ್ನಾಟಕದಲ್ಲಿ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೂ ಕೊಟ್ಟರು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಮದುವೆಯಾದ, ಮದುವೆಯಾಗದ ಎಲ್ಲ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಬಂತು. "ಅಪ್ಪ 2005ಕ್ಕೆ ಮೊದಲೇ ಸತ್ತಾನ, ನಿನಗ ಪಾಲಿಲ್ಲ" ಅಂತ ಕೆಲವರು ಹೇಳುತ್ತಿದ್ದರು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅದನ್ನೂ ಬಗೆಹರಿಸಿತು. ಅಪ್ಪ ಆ ದಿನ ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಅಂತ ತೀರ್ಪು ಕೊಟ್ಟಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾಯದೆ ಪ್ರಕಾರ ವಾಟ್ನಿ ಆಗಿ ನೋಂದಣಿ ಆಗಿದ್ದರೆ ಅದನ್ನು ಮತ್ತೆ ಕೆದಕಲಾಗುವುದಿಲ್ಲ.

ಮುಸ್ಲಿಂ ಮನೆಗಳಲ್ಲಿ ಶರೀಯತ್ ಪ್ರಕಾರ ಹಿಸ್ಸೆ ನಡೆಯುತ್ತದೆ. ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು ಪಾಲು. ಮಗಳಿಗೆ ಮಗನ ಪಾಲಿನ ಅರ್ಧ. ಕ್ರೈಸ್ತರಿಗೆ 1925ರ ಭಾರತೀಯ ವಾರಸಾ ಕಾಯದೆ. ಅದರಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮ. ಯಾವ ಧರ್ಮದ ಕಾಯದೆ ನೋಡಿದರೂ ಹೆಂಡತಿ, ಮಗಳು ಪೂರಾ ಹೊರಗೆ ಎಂದು ಎಲ್ಲೂ ಬರೆದಿಲ್ಲ.

ಈಗ ಒಂದು ಸೂಕ್ಷ್ಮದ ಮಾತು. ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ. ತಂಗಿಗೆ ಸೀರೆ ಕುಬಸ ಕೊಡುತ್ತಾನೆ. ಮರುದಿನ "ಬಾ, ಒಂದು ಸಹಿ ಅದ" ಅಂತ ನೋಂದಣಿ ಕಚೇರಿಗೆ ಕರೆದೊಯ್ಯುತ್ತಾನೆ. ಆ ಕಾಗದದ ಹೆಸರು ಹಕ್ಕು ಬಿಟ್ಟ ಪತ್ರ. ತಂಗಿ ಸಹಿ ಮಾಡಿದರೆ ಅವಳ ಪಾಲು ಹೋಯಿತು. ಮನಸಾರೆ ಬಿಟ್ಟುಕೊಡುವ ತಂಗಿಯರೂ ಇದ್ದಾರೆ. ತವರು ಇರಲಿ, ಹೊಲ ಹೋಗಲಿ ಅನ್ನುತ್ತಾರೆ. ಅದು ಅವರ ಇಷ್ಟ. ಅಣ್ಣನ ಜೊತೆ ಜಗಳ ಆಡಿರಿ ಅಂತ ನಾನು ಹೇಳುತ್ತಿಲ್ಲ. ಕಾಗದ ಓದಿ, ಇದು ಏನು ಅಂತ ತಿಳಿದು, ಆಮೇಲೆ ಸಹಿ ಮಾಡಿರಿ ಅಂತ ಹೇಳುತ್ತಿದ್ದೇನೆ. ತಿಳಿದು ಬಿಟ್ಟುಕೊಟ್ಟರೆ ಅದು ದಾನ. ತಿಳಿಯದೆ ಹೋದರೆ ಅದಕ್ಕೆ ಬೇರೆ ಹೆಸರು.

ಮೃತ್ಯುಪತ್ರ

ಇದನ್ನು ಉಯಿಲು ಅಂತಲೂ ಅನ್ನುತ್ತಾರೆ. ಕಚೇರಿಯಲ್ಲಿ ವಿಲ್. ನಮ್ಮ ಹಳಬರ ಬಾಯಲ್ಲಿ ವಸಿಯತ್‌ನಾಮಾ. ನಾನು ಸತ್ತ ಮೇಲೆ ನನ್ನದು ಯಾರಿಗೆ ಹೋಗಬೇಕು ಅಂತ ಬದುಕಿರುವಾಗ ಬರೆದಿಡುವ ಪತ್ರ.

ಶ್ರೀಮಂತರಿಗೆ ಮಾತ್ರ ಇದು ಅಂತ ತಿಳಿಯಬೇಡಿರಿ. ನಾಲ್ಕು ಎಮ್ಮೆ, ಒಂದು ಮನೆ, ಎರಡು ತೊಲೆ ಬಂಗಾರ ಇದ್ದರೂ ಬರೆಯಬಹುದು. ಹೆಣ್ಣುಮಕ್ಕಳೂ ಬರೆಯಬಹುದು. ಹಿಂದೂ ಹೆಣ್ಣುಮಗಳಿಗೆ ತವರಿನಿಂದ ಬಂದದ್ದು, ತಾನು ದುಡಿದದ್ದು, ಪಾಲಿಗೆ ಬಂದದ್ದು 1956ರ ಕಾಯದೆಯಿಂದ ಪೂರಾ ಅವಳದೇ.

ಇದಕ್ಕೆ ಏನು ಬೇಕು? ಬರೆಯುವವರಿಗೆ 18 ವರ್ಷ ತುಂಬಿರಬೇಕು. ಬುದ್ಧಿ ಸ್ಥಿಮಿತದಲ್ಲಿ ಇರಬೇಕು. ಬಿಳಿ ಹಾಳೆ ಸಾಕು, ಬಾಂಡ್ ಪೇಪರು ಬೇಡ. ಕನ್ನಡದಲ್ಲಿ ಬರೆದರೆ ನಡೆಯುತ್ತದೆ. ಕೆಳಗೆ ಸಹಿ ಇಲ್ಲವೆ ಹೆಬ್ಬೆಟ್ಟು. ನೀವು ಸಹಿ ಮಾಡಿದ್ದನ್ನು ನೋಡಿದ ಇಬ್ಬರು ಸಾಕ್ಷಿಗಳು ನಿಮ್ಮ ಎದುರೇ ಸಹಿ ಮಾಡಬೇಕು. ಸಾಕ್ಷಿ ಇಲ್ಲದ ಮೃತ್ಯುಪತ್ರ ನಿಲ್ಲುವುದಿಲ್ಲ. ಬಹಳ ಮಂದಿ ಇಲ್ಲೇ ಎಡವುತ್ತಾರೆ.

ಸಾಕ್ಷಿ ಯಾರು ಆಗಬೇಕು? ಊರ ಹಿರಿಯರೇ ಆಗಲಿ ಅಂತ 80 ವರ್ಷದ ಮುತ್ಯಾನನ್ನು ಕರೆಯುತ್ತೇವೆ. ಗೌರವ ಸರಿ. ಆದರೆ ನೀವು ಹೋದ ಮೇಲೆ ತಕರಾರು ಬಂದರೆ ಸಾಕ್ಷಿಯಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು "ಹೌದು, ನನ್ನ ಎದುರು ಸಹಿ ಮಾಡ್ಯಾರ" ಅಂತ ಹೇಳಬೇಕಾಗುತ್ತದೆ. ಅದಕ್ಕೆ ನಿಮಗಿಂತ ಸಣ್ಣ ವಯಸ್ಸಿನವರು, ಊರಲ್ಲೇ ಇರುವವರು ಒಳ್ಳೆಯದು. ಆಸ್ತಿ ಯಾರಿಗೆ ಬರೆಯುತ್ತೀರೋ ಅವರನ್ನು ಸಾಕ್ಷಿ ಮಾಡಬೇಡಿರಿ.

ನೋಂದಣಿ ಕಡ್ಡಾಯ ಅಲ್ಲ. ಆದರೂ ಮಾಡಿಸಿದರೆ ಗಟ್ಟಿ. ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಉಪ ನೋಂದಣಿ ಕಚೇರಿ ಇದೆ. ನೋಂದಣಿ ಆದ ಮೃತ್ಯುಪತ್ರದ ನಕಲನ್ನು ನೀವು ಬದುಕಿರುವ ತನಕ ಬೇರೆಯವರಿಗೆ ಕೊಡುವುದಿಲ್ಲ. ಹೀಗಾಗಿ "ಯಾರಿಗೆ ಎಷ್ಟು ಬರೆದಿ?" ಅಂತ ಮನೆಯಲ್ಲಿ ಜಗಳ ಆಗುವ ಅಂಜಿಕೆ ಬೇಡ. ಮನಸ್ಸು ಬದಲಾದರೆ ಮತ್ತೆ ಬರೆಯಬಹುದು. ಎಷ್ಟು ಸಲ ಬರೆದರೂ ಕೊನೆಯದೇ ನಡೆಯುತ್ತದೆ. ಅದಕ್ಕೆ ತಾರೀಖು ಹಾಕುವುದು ಮರೆಯಬೇಡಿರಿ.

ಎರಡು ಮಿತಿ ಇವೆ. ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲಿನಷ್ಟು ಮಾತ್ರ ನೀವು ಬರೆಯಬಹುದು, ಇಡೀ ಹೊಲ ಅಲ್ಲ. ಮುಸ್ಲಿಂ ಬಾಂಧವರು ಸಾಲ, ಕ್ರಿಯೆಯ ಖರ್ಚು ಹೋಗಿ ಉಳಿದದ್ದರಲ್ಲಿ ಮೂರನೇ ಒಂದು ಪಾಲಿನಷ್ಟು ವಸಿಯತ್ ಮಾಡಬಹುದು. ಅದಕ್ಕಿಂತ ಹೆಚ್ಚಿಗೆ ಬರೆದರೆ ಉಳಿದ ವಾರಸುದಾರರು ಒಪ್ಪಬೇಕು.

ಕೆಳಗೆ ಒಂದು ಮಾದರಿ ಇದೆ. ಗಟ್ಟಿಯಾಗಿ ಓದಿರಿ.

"ನಾನು ________, ವಯಸ್ಸು ____, ________ ಗ್ರಾಮ, ________ ತಾಲೂಕು, ಬೀದರ ಜಿಲ್ಲೆ. ನನ್ನ ಬುದ್ಧಿ ಸ್ಥಿಮಿತದಲ್ಲಿ ಇದೆ. ಯಾರ ಒತ್ತಾಯವೂ ಇಲ್ಲದೆ ನನ್ನ ಸ್ವಂತ ಇಚ್ಛೆಯಿಂದ ಈ ಮೃತ್ಯುಪತ್ರ ಬರೆಸಿದ್ದೇನೆ. ಇದಕ್ಕೂ ಮೊದಲು ಬರೆದ ಮೃತ್ಯುಪತ್ರ ಇದ್ದರೆ ಅದು ರದ್ದು. ________ ಗ್ರಾಮದ ಸರ್ವೆ ನಂಬರ್ ____ರಲ್ಲಿ ____ ಎಕರೆ ____ ಗುಂಟೆ ಹೊಲ ನನ್ನ ಸ್ವಂತ ಗಳಿಕೆ. ನನ್ನ ನಂತರ ಇದು ನನ್ನ ಹೆಂಡತಿ ________ ಇವರಿಗೆ ಸೇರಬೇಕು. ನಾನು ಈಗ ಇರುವ ಮನೆ ನನ್ನ ಮಗ ________, ಮಗಳು ________ ಇಬ್ಬರಿಗೂ ಸಮನಾಗಿ ಸೇರಬೇಕು. ನನ್ನ ಹೆಂಡತಿ ಬದುಕಿರುವ ತನಕ ಆ ಮನೆಯಲ್ಲೇ ಇರುವ ಹಕ್ಕು ಅವಳಿಗೆ ಇದೆ. ಈ ಪತ್ರವನ್ನು ನನಗೆ ಓದಿ ಹೇಳಿದ್ದಾರೆ. ಕೇಳಿ, ತಿಳಿದು, ಸಹಿ ಮಾಡಿದ್ದೇನೆ. ತಾರೀಖು ____. ಸಹಿ ____. ಸಾಕ್ಷಿ 1 ____. ಸಾಕ್ಷಿ 2 ____."

"ಅವಳಿಗೆ ಇರುವ ಹಕ್ಕು ಇದೆ" ಎಂಬ ಸಾಲನ್ನು ಎರಡು ಸಲ ಓದಿರಿ. ಮಕ್ಕಳ ಹೆಸರಿಗೆ ಮನೆ ಬರೆಯುವ ಎಷ್ಟೋ ಮಂದಿ ಈ ಸಾಲು ಮರೆಯುತ್ತಾರೆ.

"ಮೃತ್ಯುಪತ್ರ ಯಾಕ, ಈಗೇ ಮಗನ ಹೆಸರಿಗೆ ದಾನಪತ್ರ ಮಾಡಿಬಿಡ್ತೀನಿ" ಅನ್ನುವವರೂ ಇದ್ದಾರೆ. ಇವೆರಡಕ್ಕೂ ಬಹಳ ವ್ಯತ್ಯಾಸ. ಮೃತ್ಯುಪತ್ರ ನಿಮ್ಮ ನಂತರ ನಡೆಯುತ್ತದೆ. ದಾನಪತ್ರ ನೋಂದಣಿ ಆದಾಗಲೇ ಆಸ್ತಿ ಕೈ ಬಿಟ್ಟಿತು. ಮಗ ಆಮೇಲೆ ಊಟ ಹಾಕದಿದ್ದರೆ? 2007ರ ಹಿರಿಯ ನಾಗರಿಕರ ಕಾಯದೆಯಲ್ಲಿ ಇದಕ್ಕೆ ದಾರಿ ಇದೆ. ಉಪವಿಭಾಗಾಧಿಕಾರಿಗಳ ಹತ್ತಿರ ದೂರು ಕೊಟ್ಟು ದಾನಪತ್ರ ರದ್ದು ಮಾಡಿಸಬಹುದು. ಆದರೆ "ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು" ಎಂಬ ಷರತ್ತು ಆ ಪತ್ರದಲ್ಲೇ ಬರೆದಿರಬೇಕು. ನನ್ನ ಮಾತು ಕೇಳುವುದಾದರೆ, ಕೈಯಲ್ಲಿ ಜೀವ ಇರುವ ತನಕ ಕೈಯಲ್ಲಿ ಆಸ್ತಿಯೂ ಇರಲಿ.

ಖಾಲಿ ಕಾಗದದ ಮೇಲಿನ ಮುದ್ರೆ

ಬೀದರ ಪೇಟೆಗೆ ಹೋದಾಗ ಮಹಮೂದ ಗವಾನರ ಮದರಸಾ ನೋಡಿದ್ದೀರಿ. ನೀಲಿ ಬಣ್ಣದ ಹಂಚು ಕೂಡಿಸಿದ ದೊಡ್ಡ ಕಟ್ಟಡ. 1472ರಲ್ಲಿ ಕಟ್ಟಿಸಿದರು. ಗವಾನರು ಬಹಮನಿ ಸುಲ್ತಾನರ ಮಂತ್ರಿ. ದೊಡ್ಡ ವಿದ್ವಾಂಸರು. ಅವರು ಸತ್ತದ್ದು ಹೇಗೆ ಗೊತ್ತೇ?

ಅವರ ವೈರಿಗಳು ಅವರ ಮುದ್ರೆ ಕಾಯುವ ಆಳನ್ನು ಬುಟ್ಟಿಗೆ ಹಾಕಿಕೊಂಡರು. ಒಂದು ಖಾಲಿ ಕಾಗದದ ಮೇಲೆ ಗವಾನರ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒರಿಸ್ಸಾದ ರಾಜನಿಗೆ ರಾಜದ್ರೋಹದ ಓಲೆ ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಶಾಹನಿಗೆ ತೋರಿಸಿದರು. ಸುಲ್ತಾನ ವಿಚಾರಿಸದೆ ಮರಣದಂಡನೆ ಕೊಟ್ಟ. ಇದು 1481ರ ಮಾತು.

ಗವಾನರಿಗೆ ಓದಲು ಬರೆಯಲು ಬರುತ್ತಿತ್ತು. ಅವರಷ್ಟು ಓದಿದವರು ಆಗ ದಖ್ಖನದಲ್ಲಿ ವಿರಳ. ಆದರೂ ಖಾಲಿ ಕಾಗದದ ಮೇಲೆ ಬಿದ್ದ ಒಂದು ಮುದ್ರೆ ಸಾಕಾಯಿತು. ಸಾಲ ಕೊಡುವವರು "ಇಲ್ಲೊಂದು ಸಹಿ ಹಾಕ್ರಿ, ಆಮೇಲೆ ತುಂಬ್ಕೋತೀವಿ" ಅಂದಾಗ ಮದರಸಾದ ಆ ಮಿನಾರು ಕಣ್ಣ ಮುಂದೆ ತಂದುಕೊಳ್ಳಿರಿ.

ನಾಮಿನಿ

ಈಗ ಪಾಸ್‌ಬುಕ್ಕು ತೆಗೆಯಿರಿ. ನಾಮಿನಿ ಎಂಬ ಮಾತು ಹುಡುಕಿರಿ. ನಾಮನಿರ್ದೇಶನ ಅಂತಲೂ ಇರಬಹುದು. ನೀವು ಇಲ್ಲದಾಗ ಬ್ಯಾಂಕು ಯಾರ ಕೈಗೆ ಹಣ ಕೊಡಬೇಕು ಅಂತ ನೀವು ಬರೆದುಕೊಟ್ಟ ಹೆಸರು ಅದು. ಹೆಸರು ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ ಫಾರಮು ಕೇಳಿರಿ. ಹತ್ತು ನಿಮಿಷದ ಕೆಲಸ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಮಂದಿಯ ತನಕ ಹೆಸರು ಕೊಡಬಹುದು.

ನಾಮಿನಿ ಅಂದರೆ ಮಾಲೀಕ ಅಲ್ಲ. ಹಣ ತೆಗೆದುಕೊಂಡು ವಾರಸುದಾರರಿಗೆ ತಲುಪಿಸುವ ಕೈ. ಈ ಮಾತು ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ಧಾರವಾಡದ ಹೈಕೋರ್ಟ್ ಪೀಠಕ್ಕೆ ಇಂಥದೇ ಒಂದು ಮೊಕದ್ದಮೆ ಬಂದಿತ್ತು. ಒಬ್ಬ ಹುಡುಗ ಮದುವೆಗೆ ಮೊದಲು ವಿಮೆ ಮಾಡಿಸಿದ್ದ. ನಾಮಿನಿ ಎಂದು ತಾಯಿಯ ಹೆಸರು ಕೊಟ್ಟಿದ್ದ. ಆಮೇಲೆ ಮದುವೆ ಆಯಿತು, ಮಗು ಆಯಿತು. ನಾಮಿನಿ ಬದಲಾಯಿಸಲಿಲ್ಲ. 2019ರಲ್ಲಿ ಆತ ತೀರಿಕೊಂಡ. ಹಣ ಯಾರದು? ತಾಯಿ ನನ್ನದು ಅಂದರು. ಸೊಸೆ, ಮಗುವಿನ ಪಾಲು ಎಲ್ಲಿ ಅಂದಳು. ಕೊನೆಗೆ 2025ರಲ್ಲಿ ಹೈಕೋರ್ಟು ತಾಯಿ, ಹೆಂಡತಿ, ಮಗು ಮೂವರಿಗೂ ಸಮ ಪಾಲು ಅಂತ ಹೇಳಿತು. ಮಗನನ್ನು ಕಳಕೊಂಡ ತಾಯಿ, ಗಂಡನನ್ನು ಕಳಕೊಂಡ ಹೆಂಡತಿ ಎದುರು ಬದುರು ನಿಂತು ಅಷ್ಟು ವರ್ಷ ಕೋರ್ಟಿಗೆ ತಿರುಗಿದರು. ಫಾರಮಿನಲ್ಲಿ ಎರಡು ಸಾಲು ತಿದ್ದಿದ್ದರೆ ಅದು ಬೇಕಿರಲಿಲ್ಲ.

ಮದುವೆ ಆದಾಗ, ಮಗು ಹುಟ್ಟಿದಾಗ, ನಾಮಿನಿ ಆದವರು ತೀರಿಹೋದಾಗ ಹೆಸರು ಬದಲಾಯಿಸಿರಿ.

ನಿಮ್ಮ ಖಾತೆಯಿಂದ ವರ್ಷಕ್ಕೊಮ್ಮೆ 20 ರೂಪಾಯಿ, 436 ರೂಪಾಯಿ ಕಟ್ ಆಗಿದೆಯೇ ನೋಡಿರಿ. 20 ರೂಪಾಯಿ ಅಪಘಾತ ವಿಮೆ. 436 ರೂಪಾಯಿ ಜೀವನ್ ಜ್ಯೋತಿ ವಿಮೆ. ಇವೆರಡೂ 2015ರಲ್ಲಿ ಶುರುವಾದವು. ಎರಡರಲ್ಲೂ 2 ಲಕ್ಷ ರೂಪಾಯಿ ಬರುತ್ತದೆ. ಹಣ ಕಟ್ ಆಗುತ್ತಿದೆ ಎಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಕೇಳದಿದ್ದರೆ ಯಾರೂ ಮನೆಗೆ ತಂದು ಕೊಡುವುದಿಲ್ಲ. ಪಾಸ್‌ಬುಕ್ಕಿನ ಮೊದಲ ಹಾಳೆಯಲ್ಲಿ "ವಿಮೆ ಇದೆ" ಅಂತ ದೊಡ್ಡದಾಗಿ ಬರೆದಿಡಿರಿ. 10 ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು. ಆದರೆ ಖಾತೆ ಇತ್ತು ಅಂತ ಗೊತ್ತಿರಬೇಕಲ್ಲ?

ಸಾಲದ ಚೀಟಿ

ಆಸ್ತಿ ಬರೆದ ಹಾಗೆ ಸಾಲವನ್ನೂ ಬರೆದಿಡಿರಿ. ಸೊಸೈಟಿಯಲ್ಲಿ ಎಷ್ಟು, ಸ್ವಸಹಾಯ ಸಂಘದಲ್ಲಿ ಎಷ್ಟು, ಕೈಸಾಲ ಎಷ್ಟು, ಬಂಗಾರ ಎಲ್ಲಿ ಒತ್ತೆ ಇದೆ. ನಿಮಗೆ ಯಾರು ಕೊಡಬೇಕು ಎಂಬುದನ್ನೂ ಬರೆಯಿರಿ.

ಗಂಡ ಸತ್ತ ಮೂರನೇ ದಿನಕ್ಕೆ ಬಾಗಿಲಿಗೆ ಬಂದು "ನಿನ್ನ ಗಂಡ 1 ಲಕ್ಷ ತಗೊಂಡಿದ್ದ" ಅನ್ನುವವರು ಇರುತ್ತಾರೆ. ಚೀಟಿ ಇದ್ದರೆ ಖರೆ ಯಾವುದು, ಸುಳ್ಳು ಯಾವುದು ಗೊತ್ತಾಗುತ್ತದೆ. ಸತ್ತವರ ಸಾಲವನ್ನು ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ತೀರಿಸಬೇಕು. ಹೆಂಡತಿ, ಮಕ್ಕಳು ತಮ್ಮ ಸ್ವಂತ ಕೂಲಿಯಿಂದ, ತಮ್ಮ ಸ್ವಂತ ಬಂಗಾರದಿಂದ ತೀರಿಸಬೇಕೆಂದು ಕಾಯದೆ ಹೇಳುವುದಿಲ್ಲ. ಸಾಲಕ್ಕೆ ಅವರೂ ಸಹಿ ಮಾಡಿದ್ದರೆ, ಜಾಮೀನು ನಿಂತಿದ್ದರೆ ಮಾತು ಬೇರೆ.

ಇಷ್ಟೆಲ್ಲ ಓದಿದ ಮೇಲೂ ಗೊಂದಲ ಇದ್ದರೆ ಕಾನೂನು ಸೇವಾ ಸಮಿತಿಗೆ ಹೋಗಿರಿ. ತಾಲೂಕು ಕೋರ್ಟಿನಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಅವರ ಆದಾಯ ಎಷ್ಟು ಅಂತ ಕೇಳುವುದಿಲ್ಲ. ಫೋನ್ ನಂಬರು 15100. ದುಡ್ಡು ಬೇಡ.

ಓದಿರಿ, ಮಾಡಿರಿ

1. ನಾಳೆ ಬರುವಾಗ ನಿಮ್ಮ ಮನೆಯ ಪಹಣಿ ತನ್ನಿರಿ. ಹೊಲ ಇಲ್ಲದವರು ಪಾಸ್‌ಬುಕ್ಕು ತನ್ನಿರಿ. 9ನೇ ಕಾಲಮ್ಮಿನ ಹೆಸರು, ನಾಮಿನಿಯ ಹೆಸರು ಗಟ್ಟಿಯಾಗಿ ಓದಿರಿ.

2. ನಿಮ್ಮ ವಂಶವೃಕ್ಷ ಪಾಟಿಯ ಮೇಲೆ ಬರೆಯಿರಿ. ಅಜ್ಜ ಅಜ್ಜಿಯಿಂದ ಶುರು ಮಾಡಿರಿ. ಹೆಣ್ಣುಮಕ್ಕಳ ಹೆಸರೂ ಬರೆಯಿರಿ. ಅತ್ತೆಯರ ಹೆಸರು ಮರೆತಿದ್ದರೆ ಮನೆಗೆ ಹೋಗಿ ಕೇಳಿಕೊಂಡು ಬನ್ನಿರಿ.

3. ಹೊಲ 6 ಎಕರೆ, ಸತ್ತವರ ಸ್ವಂತ ಗಳಿಕೆ. ಹಿಂದೂ ಮನೆ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ತಾಯಿ ಇಲ್ಲ. ಮೃತ್ಯುಪತ್ರ ಇಲ್ಲ. ಒಬ್ಬೊಬ್ಬರಿಗೆ ಎಷ್ಟು ಎಕರೆ, ಎಷ್ಟು ಗುಂಟೆ?

4. ಸಂದೂಕಿನಲ್ಲಿರುವ ಕಾಗದಗಳ ಪಟ್ಟಿ ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ ಮುಚ್ಚಳದ ಒಳಗೆ ಅಂಟಿಸಿರಿ. ಬೀಗದ ಕೈ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿರಿ.